ಮೀನು ಹಳತಲ್ಲ, ಬೆಚ್ಚಗಿತ್ತು: ಉಡುಪಿಯ ಒಂದು ಮೀನೂಟದ ಹೋಟೆಲಿನ ಬಂಗುಡೆ ಪ್ರಕರಣ

ಅಕ್ಟೋಬರ್ ತಿಂಗಳ ಒಂದು ಶನಿವಾರ. ಮಧ್ಯಾಹ್ನ ಮೂರರ ಸುಮಾರಿಗೆ ಹೋಟೆಲಿಗೆ ಮೊದಲ ಫೋನ್ ಬಂತು. ಎರಡು ಗಂಟೆಗೆ ಊಟ ಮುಗಿಸಿ ಹೋದ ಗಿರಾಕಿ. ಮುಖ ಕೆಂಪಾಗಿದೆ, ಕಿವಿ ಸುಡುತ್ತಿದೆ, ಕುತ್ತಿಗೆಯಲ್ಲಿ ದದ್ದು ಎದ್ದಿದೆ, ತಲೆ ಸಿಡಿಯುತ್ತಿದೆ ಎಂದರು. ಫೋನ್ ಎತ್ತಿದ ಸಪ್ಲೈಯರ್ ಹುಡುಗ ಕೊಟ್ಟ ಉತ್ತರ: "ನಮ್ಮಲ್ಲಿ ಹಾಗೆಲ್ಲ ಆಗುದಿಲ್ಲ ಮಾರಾಯ್ರೆ, ಮೀನು ಇವತ್ತು ಬೆಳಿಗ್ಗೆ ಮಲ್ಪೆಯಿಂದ ತಂದದ್ದು." ನಾಲ್ಕು ಗಂಟೆಯೊಳಗೆ ಇನ್ನೂ ಎರಡು ಕರೆ ಬಂದವು. ಒಟ್ಟು ಆರು ಮಂದಿಗೆ ಒಂದೇ ತೊಂದರೆ.

ಹುಡುಗ ಹೇಳಿದ್ದು ಸುಳ್ಳಲ್ಲ. ಮೀನು ಆ ದಿನ ಬೆಳಿಗ್ಗೆಯೇ ತಂದದ್ದು. ಕಣ್ಣು ಹೊಳೆಯುತ್ತಿತ್ತು, ಕಿವಿರು ಕೆಂಪಗಿತ್ತು, ವಾಸನೆ ಇರಲಿಲ್ಲ. ಅಷ್ಟಿದ್ದರೂ ಆರು ಮಂದಿಗೆ ಹೀಗಾದದ್ದು ಏಕೆ ಎಂಬುದೇ ಈ ಪ್ರಕರಣ. ಹೋಟೆಲಿನ ಹೆಸರನ್ನೂ ಜಾಗದ ಗುರುತನ್ನೂ ಬಿಟ್ಟಿದ್ದೇವೆ. ಇಂಥ ಅಡುಗೆಮನೆಗಳಲ್ಲಿ ಸಾಮಾನ್ಯವಾಗಿ ಆಗುವುದನ್ನೆಲ್ಲ ಒಂದೇ ಹೋಟೆಲಿನದಾಗಿ ಜೋಡಿಸಿ ಬರೆದದ್ದು ಇದು. ಇಲ್ಲಿರುವ ಮೀನಿನ ಎಣಿಕೆ, ದರ, ಉಷ್ಣಾಂಶ ಈ ಪ್ರಕರಣದವು ಮಾತ್ರ.

ಮಲ್ಪೆ ಬಂದರಿಗೂ ಉಡುಪಿಗೂ ನಡುವಿನ 36 ಕುರ್ಚಿಯ ಹೋಟೆಲು. ಬೆಳಿಗ್ಗೆ ನೀರುದೋಸೆ, ಬನ್ಸ್, ಚಹಾ. ಹನ್ನೆರಡೂಕಾಲರಿಂದ ಮೂರರವರೆಗೆ ಮೀನೂಟ. ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಒಂದು ಪಲ್ಯ, ಉಪ್ಪಿನಕಾಯಿ ಸೇರಿ 110 ರೂಪಾಯಿ. ಫ್ರೈಗೆ ಬೇರೆ ದರ. ಹೆಚ್ಚು ಹೋಗುವುದು ಬಂಗುಡೆ ತವಾ ಫ್ರೈ, ಒಂದಕ್ಕೆ 70 ರೂಪಾಯಿ. ದಂಪತಿ ನಡೆಸುತ್ತಾರೆ. ಒಬ್ಬ ಅಡುಗೆಯವ, ಇಬ್ಬರು ಸಪ್ಲೈಯರುಗಳು, ಮೀನು ಕೊಯ್ಯಲು ಕಿಲೋ ಲೆಕ್ಕದಲ್ಲಿ ಬರುವ ಒಬ್ಬರು ಅಕ್ಕ. ಕರಾವಳಿಯಲ್ಲಿ ಇಂಥ ಹೋಟೆಲು ಪ್ರತಿ ಒಂದೆರಡು ಕಿಲೋಮೀಟರಿಗೆ ಸಿಗುತ್ತದೆ.

ಯಾರು ಏನು ತಿಂದಿದ್ದರು

ಸಂಜೆ ಐದಕ್ಕೆ ಅಡುಗೆಮನೆಯಲ್ಲಿ ನಾಲ್ಕು ಬಗೆಯ ಮಾತು ಎದ್ದಿತು. ಹೊಸ ಅಂಗಡಿಯಿಂದ ತಂದ ಮೆಣಸಿನಪುಡಿಗೆ ಬಣ್ಣ ಬೆರೆಸಿರಬೇಕು ಎಂದು ಅಡುಗೆಯವ. ಎಣ್ಣೆ ಬದಲಿಸದೆ ಮೂರು ದಿನವಾಯಿತು ಎಂದು ಸಪ್ಲೈಯರ್. ಬಂಗುಡೆ ಮೊದಲೇ ನಂಜು, ಮೈಯಲ್ಲಿ ಪಿತ್ತ ಇದ್ದವರಿಗೆ ಗಂಧೆ ಏಳುತ್ತದೆ, ಪುನರ್ಪುಳಿ ಸಾರು ಕುಡಿದರೆ ಇಳಿಯುತ್ತದೆ ಎಂದು ಕೊಯ್ಯುವ ಅಕ್ಕ. ನಾಲ್ಕನೆಯದು ಫಾರ್ಮಾಲಿನ್, ಮೀನು ಕೆಡದಂತೆ ಕದ್ದು ಹಾಕುವ ರಾಸಾಯನಿಕ. 2018ರಲ್ಲಿ ಕೇರಳ, ಗೋವಾದಲ್ಲಿ ಅದರ ಸುದ್ದಿ ಎದ್ದ ಮೇಲೆ ಮೀನು ತಿಂದು ಏನಾದರೂ ಆದರೆ ಮೊದಲು ಬಾಯಿಗೆ ಬರುವ ಹೆಸರೇ ಅದು.

ಊಹೆ ಬಿಟ್ಟು ಬಿಲ್ ತೆಗೆದು ನೋಡಿದ್ದು ಮಾಲಕಿ. ಬಿಲ್ಲಿಂಗ್ ಯಂತ್ರದಲ್ಲಿ ಗಂಟೆ, ಮೇಜು, ಐಟಂ ಮೂರೂ ಇರುತ್ತವೆ. ಲೆಕ್ಕ ಹೀಗೆ ಕೂತಿತು. ಆರೂ ಮಂದಿ ತಿಂದದ್ದು ಬಂಗುಡೆ ತವಾ ಫ್ರೈ. ಆರೂ ಮಂದಿ ತಿಂದದ್ದು ಒಂದೂಮುಕ್ಕಾಲರ ನಂತರ. ಅದಕ್ಕೂ ಮುಂಚೆ 59 ಬಂಗುಡೆ ಫ್ರೈ ಹೋಗಿದ್ದವು, ಅವುಗಳಲ್ಲಿ ಒಂದಕ್ಕೂ ದೂರು ಬರಲಿಲ್ಲ.

ಇನ್ನೂ ಬೆಲೆಯುಳ್ಳ ಸುಳಿವು ಏಳನೇ ಮೇಜಿನಲ್ಲಿತ್ತು. ಅಲ್ಲಿ ನಾಲ್ವರು ಕೂತಿದ್ದರು, ಮೂವರಿಗೆ ಮೈ ಕೆಂಪಾಯಿತು. ನಾಲ್ಕನೆಯವರು ತಿಂದದ್ದು ಕಾಣೆ ಎಂಬ ಬೇರೆ ಮೀನಿನ ಫ್ರೈ. ಅದೇ ಮಸಾಲೆ, ಅದೇ ಎಣ್ಣೆ, ಅದೇ ತವಾ, ಅದೇ ಹತ್ತು ನಿಮಿಷ. ಅವರಿಗೆ ಏನೂ ಆಗಲಿಲ್ಲ. ಅಲ್ಲಿಗೆ ಮೆಣಸಿನಪುಡಿಯೂ ಎಣ್ಣೆಯೂ ಪಾರಾದವು. ಬಂಗುಡೆ ಪುಳಿಮುಂಚಿ (ಹುಳಿ-ಖಾರದ ಗಸಿ) ತಿಂದ ಹದಿನೆಂಟು ಮಂದಿಯಲ್ಲಿ ಯಾರಿಂದಲೂ ದೂರಿಲ್ಲ; ಅದು ಅದೇ ಕ್ರೇಟಿನ ಬಂಗುಡೆ, ಆದರೆ ಹತ್ತೂವರೆಗೇ ಕುದಿದದ್ದು. ಹಾಗಾದರೆ ಬಂದರಿನಲ್ಲಿ ಕೊಟ್ಟ ಮೀನು ಕೆಟ್ಟದ್ದಾಗಿತ್ತು ಎನ್ನುವುದಕ್ಕೂ ಬಲ ಉಳಿಯಲಿಲ್ಲ. ನಂಜಿನ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ, ಅದಕ್ಕೆ ಮುಂದೆ ಬರುತ್ತೇವೆ.

ಕ್ಲಿನಿಕ್ಕಿನ ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಬಂಗುಡೆಯೋ ಬೂತಾಯಿಯೋ?" ಅಲರ್ಜಿಗೆ ಕೊಡುವ ಮಾತ್ರೆಯನ್ನೇ ಕೊಟ್ಟರು. ಐದು ಮಂದಿಗೆ ರಾತ್ರಿಯೊಳಗೆ ಇಳಿಯಿತು, ಒಬ್ಬರಿಗೆ ಮಾರನೆಯ ದಿನ ಬೆಳಿಗ್ಗೆವರೆಗೂ ತಲೆನೋವು ಉಳಿಯಿತು. ಇದು ಸಾಮಾನ್ಯ ಹಾದಿ: ತಿಂದ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಶುರು, ಬಹುತೇಕ ಒಂದು ದಿನದೊಳಗೆ ಮುಕ್ತಾಯ. ಉಬ್ಬಸ ಅಥವಾ ಹೃದಯದ ತೊಂದರೆ ಇರುವವರು, ಉಸಿರಾಟಕ್ಕೆ ಕಷ್ಟವಾದವರು ಮಾತ್ರ ಕಾಯಬಾರದು, ನೇರ ಆಸ್ಪತ್ರೆಗೆ ಹೋಗಬೇಕು.

ಬಂಗುಡೆಯೊಳಗೆ ಆಗುವುದು ಏನು

ಬಂಗುಡೆ, ಬೂತಾಯಿ, ಅಂಜಲ್, ಕೇದರ (ಟ್ಯೂನಾ) ಇವುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಧಾರಾಳ. ಕಿವಿರಿನಲ್ಲೂ ಕರುಳಿನಲ್ಲೂ ಇರುವ ಕೆಲವು ಬ್ಯಾಕ್ಟೀರಿಯಾ, ಮುಖ್ಯವಾಗಿ ಮೊರ್ಗನೆಲ್ಲಾ ಮೊರ್ಗಾನಿ, ಮೀನು ಸತ್ತ ಮೇಲೆ ಬೆಚ್ಚಗೆ ಸಿಕ್ಕರೆ ಮಾಂಸಕ್ಕೆ ಹರಡುತ್ತವೆ. ಅವುಗಳ ಕಿಣ್ವ ಆ ಹಿಸ್ಟಿಡಿನನ್ನು ಹಿಸ್ಟಮಿನ್ ಮಾಡುತ್ತದೆ. ಅಲರ್ಜಿ ಆದಾಗ ನಮ್ಮ ಮೈಯೇ ಹುಟ್ಟಿಸುವ ವಸ್ತು ಅದು. ಇಲ್ಲಿ ಅದು ತಟ್ಟೆಯಲ್ಲೇ ಸಿದ್ಧವಾಗಿ ಬಂದಿರುತ್ತದೆ. ಲಕ್ಷಣ ಅಲರ್ಜಿಯದೇ, ರೋಗಿಗೆ ಅಲರ್ಜಿ ಇಲ್ಲ. ಹಾಗಾಗಿ ಮುಂದಿನ ವಾರ ಅವರೇ ಸರಿಯಾದ ಬಂಗುಡೆ ತಿಂದರೆ ಏನೂ ಆಗದು. ಬಂಗುಡೆಗೂ ಬೂತಾಯಿಗೂ ನಂಜು ಎಂಬ ಹೆಸರು ಅಂಟಿದ್ದರಲ್ಲಿ, ಐಸ್ ಕಾಣದ ಬುಟ್ಟಿ ಮೀನಿನ ಕಾಲದ ಈ ಅನುಭವವೂ ಸೇರಿರಬಹುದು ಎಂಬುದು ನಮ್ಮ ಅನಿಸಿಕೆ.

ಅಡುಗೆಯವರನ್ನು ದಾರಿ ತಪ್ಪಿಸುವ ಸಂಗತಿಗಳು ಮೂರು. ಹಿಸ್ಟಮಿನ್ನಿಗೆ ವಾಸನೆ ಇಲ್ಲ. ಮೀನು ಕೊಳೆತ ವಾಸನೆ ಬರುವ ಮೊದಲೇ ಅದು ಸಾಕಷ್ಟು ಸೇರಿರಬಹುದು. ಕೆಲವರಿಗೆ ನಾಲಿಗೆಗೆ ಕಾಳುಮೆಣಸಿನ ಚುರುಕು ತಾಗುತ್ತದೆ, ಆದರೆ ನಮ್ಮ ಮಸಾಲೆಯಲ್ಲಿ ಆ ಚುರುಕನ್ನು ಗುರುತಿಸುವುದು ಯಾರಿಗೆ ಸಾಧ್ಯ! ಎರಡನೆಯದು, ಅದು ಬಿಸಿಗೆ ಹೋಗುವುದಿಲ್ಲ. ಕರಿದರೂ, ಕುದಿಸಿದರೂ, ಡಬ್ಬಿಯಲ್ಲಿ ಒತ್ತಡದಲ್ಲಿ ಬೇಯಿಸಿದರೂ ಉಳಿಯುತ್ತದೆ. ಫ್ರೀಜರಿನಲ್ಲಿಟ್ಟರೂ ಉಳಿಯುತ್ತದೆ. ಮೂರನೆಯದು, ಎಲ್ಲ ಮೀನಿನಲ್ಲೂ ಸಮ ಇರುವುದಿಲ್ಲ. ಒಂದೇ ತಟ್ಟೆಯ ಎರಡು ಬಂಗುಡೆಗಳಲ್ಲಿ ಒಂದು ಪೂರ್ತಿ ಸರಿ ಇರಬಹುದು, ಇನ್ನೊಂದರಲ್ಲಿ ಹೊಟ್ಟೆಯ ಪಕ್ಕದ ಮಾಂಸದಲ್ಲಿ ತುಂಬಿರಬಹುದು. "ಅದನ್ನೇ ನಾನೂ ತಿಂದೆ, ನನಗೇನೂ ಆಗಲಿಲ್ಲ" ಎಂಬ ಅಡುಗೆಯವನ ಮಾತು ಇದರಿಂದಾಗಿ ಸಾಕ್ಷಿಯಾಗದು. ಕಿಲೋ ಮೀನಿನಲ್ಲಿ ಹಿಸ್ಟಮಿನ್ 200 ಮಿಲಿಗ್ರಾಂ ಮೀರಬಾರದು ಎಂಬುದು ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಿತಿ.

ಪರೀಕ್ಷೆ ಮಾಡಿಸಿದರೋ ಎಂದು ಕೇಳಿದರೆ, ಇಲ್ಲ. ಉಳಿದ ಐದು ಮೀನನ್ನು ಮೂರೂವರೆಗೇ ಹಿತ್ತಿಲಿನ ಬೆಕ್ಕುಗಳಿಗೆ ಹಾಕಿ ಆಗಿತ್ತು. ಆದ್ದರಿಂದ ಇಲ್ಲಿನ ತೀರ್ಮಾನ ಲಕ್ಷಣ, ಬಿಲ್ ಮತ್ತು ಉಷ್ಣಾಂಶದ ಮೇಲೆ ನಿಂತದ್ದು, ಪ್ರಯೋಗಾಲಯದ ಕಾಗದದ ಮೇಲಲ್ಲ. ಈಗ ಅಲ್ಲಿ ದಿನವೂ ಪ್ರತಿ ಬ್ಯಾಚಿನ ಎರಡು ಮೀನನ್ನು ದಿನಾಂಕ, ಗಂಟೆ ಬರೆದ ಕವರಿನಲ್ಲಿ ಫ್ರೀಜರಿಗೆ ಹಾಕಿ ಮೂರು ದಿನ ಇಡುತ್ತಾರೆ. ತಣ್ಣಗಾದರೂ ಹಿಸ್ಟಮಿನ್ ಅಳಿಯುವುದಿಲ್ಲ ಎಂಬ ಗುಣ ಇಲ್ಲಿ ಮಾತ್ರ ಉಪಕಾರಕ್ಕೆ ಬರುತ್ತದೆ.

ಬೆಳಿಗ್ಗೆ ಐದೂಮುಕ್ಕಾಲಿನಿಂದ ಮಧ್ಯಾಹ್ನ ಎರಡರವರೆಗೆ

ಮುಂದಿನ ಮಂಗಳವಾರ ಶನಿವಾರದ ದಿನಚರಿಯನ್ನೇ ಹಾಗೆಯೇ ಮತ್ತೊಮ್ಮೆ ನಡೆಸಿದರು. ಮಾರಾಟಕ್ಕೆ ಬೇರೆ ಮೀನು. ಇದಕ್ಕೆಂದೇ ತಂದ ನಾಲ್ಕು ಕಿಲೋ ಬಂಗುಡೆ, ಮತ್ತು 650 ರೂಪಾಯಿಯ ಒಂದು ಚುಚ್ಚುವ ಥರ್ಮಾಮೀಟರ್. ತಲೆಯ ಹಿಂದೆ, ಬೆನ್ನಿನ ದಪ್ಪ ಭಾಗದಲ್ಲಿ ಮುಳ್ಳಿಗೆ ತಾಗುವಷ್ಟು ಚುಚ್ಚಿ ಓದಿದ ಅಂಕಿಗಳು ಇವು.

ಐದೂಮುಕ್ಕಾಲು, ಬಂದರು: 11 ಡಿಗ್ರಿ.
ಏಳೂಕಾಲು, ಹೋಟೆಲಿನ ಹಿತ್ತಿಲು: 19.
ಒಂಬತ್ತು, ಕೊಯ್ಯಲು ತೆಗೆದಾಗ: 25.
ಹತ್ತೂಕಾಲು, ಕೊಯ್ದು ತೊಳೆದ ಮೇಲೆ: 28.
ಹನ್ನೆರಡು, ಮಸಾಲೆ ಹಚ್ಚಿದ ಟ್ರೇ, ತವಾದ ಪಕ್ಕದ ಕಲ್ಲಿನ ಮೇಲೆ: 33.
ಎರಡು ಗಂಟೆ, ಅದೇ ಟ್ರೇ: 35.

ಶನಿವಾರ ತಂದದ್ದು 12 ಕಿಲೋ, ಕಿಲೋಗೆ 180 ರೂಪಾಯಿ, ಎಣಿಸಿದರೆ 90 ಮೀನು. ಎರಡು ಪ್ಲಾಸ್ಟಿಕ್ ಕ್ರೇಟಿಗೆ ಮೇಲಿಂದ ಒಂದು ಸಲಿಕೆ ಐಸ್ ಪುಡಿ, ಸುಮಾರು ಎರಡು ಕಿಲೋ. ಆಟೋದಲ್ಲಿ ಹಾಕಿ ದಾರಿಯಲ್ಲಿ ತರಕಾರಿ, ಬಾಳೆಎಲೆ ಮುಗಿಸಿ ಬರುವಾಗ ಐಸ್ ನೀರಾಗಿ ಕ್ರೇಟಿನ ತೂತಿನಿಂದ ಸೋರಿ ಹೋಗಿತ್ತು. ಹೋಟೆಲಿನಲ್ಲಿ ಆಗ ಬನ್ಸಿನ ಗಡಿಬಿಡಿ. ಕ್ರೇಟ್ ತೆಂಗಿನಮರದ ನೆರಳಲ್ಲಿ ಒಂಬತ್ತರವರೆಗೆ ಕೂತಿತು. ಒಂದೇ ಟಬ್ಬಿನ ನೀರಿನಲ್ಲಿ 90 ಮೀನಿನ ಕೊಯ್ಲು ನಡೆಯಿತು. ಕರುಳು, ಕಿವಿರಿನ ರಕ್ತ ಅದೇ ನೀರಿನಲ್ಲಿ. ಇಪ್ಪತ್ತು ಮೀನು ಪುಳಿಮುಂಚಿಗೆ. ಉಳಿದ 70ಕ್ಕೆ ಮಸಾಲೆ ಹಚ್ಚಿ 24, 24, 22ರಂತೆ ಮೂರು ಟ್ರೇ. ಎರಡು ಟ್ರೇ ಆಚೆಯ ಗೋಡೆಯ ಶೆಲ್ಫಿಗೆ, ಅಲ್ಲಿ ಜಾಗ ಸಾಲದೆ ಮೂರನೆಯದು ತವಾದ ಪಕ್ಕದ ಕಲ್ಲಿಗೆ. ಮೊದಲು ಖಾಲಿಯಾದದ್ದು ಶೆಲ್ಫಿನವು. ಒಲೆಯ ಕಾವಿನಲ್ಲಿ ಮೂರು ಗಂಟೆ ಕಳೆದ ಮೂರನೆಯ ಟ್ರೇಗೆ ಕೈ ಹಾಕಿದ್ದು ಒಂದೂಮುಕ್ಕಾಲಿಗೆ. ಅದರಿಂದ 17 ಮೀನು ಹೋದವು. ಆರು ಮಂದಿ ಆ ಹದಿನೇಳರೊಳಗೆ.

ವಿಚಿತ್ರವೆಂದರೆ, ಅಂದು ಹಿಂದಿನ ದಿನದ ಮೀನೂ ಬಡಿಸಲಾಗಿತ್ತು. ಶುಕ್ರವಾರ ಉಳಿದ 11 ಬಂಗುಡೆ, ಮಸಾಲೆ ಸಮೇತ ಫ್ರಿಜ್ಜಿನಲ್ಲಿದ್ದದ್ದು. ಇದನ್ನು ಅಡುಗೆಯವ ಮೊದಲು ಒಪ್ಪಲಿಲ್ಲ. ತಂದ ಮೀನಿಗಿಂತ ಮಾರಿದ ಫ್ರೈ ಹೆಚ್ಚಾದದ್ದನ್ನು ಬಿಲ್ ತೋರಿಸಿದ ಮೇಲೆ ಒಪ್ಪಿದ. ಆ ಹನ್ನೊಂದು ಹನ್ನೆರಡೂಕಾಲಿಗೇ ಮೊದಲ ಗಿರಾಕಿಗಳಿಗೆ ಹೋಗಿದ್ದವು. ಅವರಿಗೆ ಏನೂ ಆಗಲಿಲ್ಲ. ಹಾಗೆಂದು ಅದು ಒಳ್ಳೆಯ ಪದ್ಧತಿಯಲ್ಲ, ಆ ಫ್ರಿಜ್ಜು 8 ಡಿಗ್ರಿ ತೋರಿಸುತ್ತಿತ್ತು, ಬಂಗುಡೆಗೆ 4ರ ಒಳಗಿರಬೇಕು. ಆದರೆ ಒಂದು ರಾತ್ರಿ ತಣ್ಣಗಿದ್ದ ಹಳೆ ಮೀನಿಗಿಂತ ಎಂಟು ಗಂಟೆ ಬೆಚ್ಚಗಿದ್ದ ತಾಜಾ ಮೀನು ಹೆಚ್ಚು ಅಪಾಯ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಯೋಗ ಬೇಡ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಈ ಜಾತಿಯ ಮೀನಿಗೆ ಹಾಕಿದ ಗೆರೆ ಹೀಗಿದೆ: ಒಮ್ಮೆ ತಣ್ಣಗಾದ ಮೀನು 4.4 ಡಿಗ್ರಿಗಿಂತ ಮೇಲೆ ಕಳೆಯುವ ಹೊತ್ತು, ಅದರಲ್ಲಿ ಸ್ವಲ್ಪ ಹೊತ್ತಾದರೂ 21 ಡಿಗ್ರಿ ದಾಟಿದ್ದರೆ, ಎಲ್ಲ ಸೇರಿ ನಾಲ್ಕು ಗಂಟೆ ಮೀರಬಾರದು. ಇಲ್ಲಿ ಎಂಟು ಗಂಟೆ ಕಳೆದಿತ್ತು. ಬಂದರಿಗೆ ಬರುವ ಮೊದಲು ದೋಣಿಯಲ್ಲಿ ಕಳೆದ ಹೊತ್ತು ಲೆಕ್ಕಕ್ಕೇ ಬಂದಿಲ್ಲ. ಹಿಡಿದ ದಿನವೇ ದಡಕ್ಕೆ ತರುವ ಮೀನು ಎಂದರೆ ನಮಗೆ ಸಂಭ್ರಮ. ಆದರೆ ರಾಶಿ ಬಂಗುಡೆ ಒಮ್ಮೆಲೇ ಬಲೆಗೆ ಬಿದ್ದ ದಿನ ದೋಣಿಯಲ್ಲಿ ಐಸ್ ಸಾಲದೆ ಹೋಗಬಹುದು. ಆ ಮೀನು ನೋಡಲು ಮಿಂಚುತ್ತದೆ, ಮುಟ್ಟಿದರೆ ಬೆಚ್ಚಗಿರುತ್ತದೆ. ಕೊಳ್ಳುವಾಗ ಕಿವಿರು ಎತ್ತಿ ನೋಡುವ ಕೈ ಥರ್ಮಾಮೀಟರನ್ನೂ ಚುಚ್ಚಬೇಕು.

ಇನ್ನೊಂದು ಮಾತು. ಅಂದು ಅದೇ ಅಡುಗೆಮನೆಯಲ್ಲಿ ಅಂಜಲ್ ತುಂಡುಗಳೂ ಸಿಗಡಿಯೂ ಫ್ರೀಜರಿನಲ್ಲಿ ಭದ್ರವಾಗಿದ್ದವು, ಯಾಕೆಂದರೆ ಅವು ದುಬಾರಿ. ಬಂಗುಡೆ ಅಗ್ಗದ ಮೀನು, ದಿನದ ಮೀನು, ಆದ್ದರಿಂದ ಒಲೆ ಪಕ್ಕ. ಹಿಸ್ಟಮಿನ್ ವಿಷಯದಲ್ಲಿ ಸಿಗಡಿಯ ಭಯವಿಲ್ಲ, ಬಂಗುಡೆಯದೇ ಭಯ. ಐಸನ್ನು ಬೆಲೆ ನೋಡಿ ಹಂಚುವ ಈ ರೂಢಿ ಬೇರೆ ಅಡುಗೆಮನೆಗಳಲ್ಲೂ ಇರಬಹುದು.

"ಹುಳಿ ಉಪ್ಪು ಹಚ್ಚಿದ ಮೀನು ಕೆಡುತ್ತದಾ?"

ಅಡುಗೆಯವನ ಈ ಪ್ರಶ್ನೆ ನ್ಯಾಯದ್ದೇ. ಅವನ ಮಸಾಲೆ: ಬ್ಯಾಡಗಿ 400 ಗ್ರಾಂ, ಖಾರದ ಗುಂಟೂರು 100, ಕೊತ್ತಂಬರಿ 150, ಜೀರಿಗೆ 30, ಕಾಳುಮೆಣಸು 30, ಮೆಂತೆ 10, ಅರಿಸಿನ 30, ಬೆಳ್ಳುಳ್ಳಿ 250, ಶುಂಠಿ 100, ಹುಣಸೆ 200, ಉಪ್ಪು 180 ಗ್ರಾಂ. ಕರುಳು, ಕಿವಿರು ತೆಗೆದರೆ 12 ಕಿಲೋ ಬಂಗುಡೆ ಒಂಬತ್ತೂವರೆ ಕಿಲೋದಷ್ಟಾಗುತ್ತದೆ. ಅದರಲ್ಲಿ ಫ್ರೈಗೆ ಹೋಗುವ 70 ಮೀನಿಗೇ ಇಡೀ 180 ಗ್ರಾಂ ಉಪ್ಪು ಹಚ್ಚಿದರೂ ನೂರಕ್ಕೆ ಎರಡೂವರೆ ಮೀರುವುದಿಲ್ಲ. ಒಣಮೀನಿಗೆ ಹಾಕುವ ಉಪ್ಪೆಲ್ಲಿ, ಇದೆಲ್ಲಿ? ಹುಣಸೆ ಮೇಲ್ಮೈಯನ್ನು ಸ್ವಲ್ಪ ಹುಳಿ ಮಾಡುತ್ತದೆ, ಮುಳ್ಳಿನ ಪಕ್ಕದ ಮಾಂಸಕ್ಕೆ ಅದು ಎರಡು ಗಂಟೆಯಲ್ಲಿ ಮುಟ್ಟುವುದಿಲ್ಲ. ಮಸಾಲೆ ರುಚಿಗೆ. ಅದನ್ನು ಕಾವಲಿಗೆ ನಿಲ್ಲಿಸುವುದು ತಪ್ಪು.

ಐಸಿನ ಲೆಕ್ಕ, ಮತ್ತು ಅದು ಮೊದಲ ವಾರ ಕೈಕೊಟ್ಟದ್ದು

ಕಿಲೋ ಐಸ್ ಕರಗುವಾಗ ಸುಮಾರು 80 ಕಿಲೋ ಕ್ಯಾಲರಿ ಬಿಸಿ ಹೀರುತ್ತದೆ. 28 ಡಿಗ್ರಿಯ ಒಂದು ಕಿಲೋ ಮೀನನ್ನು ಸೊನ್ನೆಗೆ ಇಳಿಸಲು ಹೆಚ್ಚುಕಡಿಮೆ 24 ಕಿಲೋ ಕ್ಯಾಲರಿ ತೆಗೆಯಬೇಕು. ಅಂದರೆ ಕಿಲೋಗೆ 300 ಗ್ರಾಂ ಐಸ್, 12 ಕಿಲೋಗೆ 3.6 ಕಿಲೋ. ಈ ಲೆಕ್ಕ ಹಾಕಿ ಮಾಲಕರು ಮೊದಲ ದಿನ ನಾಲ್ಕು ಕಿಲೋ ಐಸ್ ತಂದರು. ಒಂಬತ್ತಕ್ಕೆ ಮುಚ್ಚಳ ತೆಗೆದರೆ ಮೀನು 12 ಡಿಗ್ರಿ, ಐಸಿನ ಸುಳಿವೇ ಇಲ್ಲ. ಮೀನನ್ನು ತಣಿಸುವ ಐಸ್ ಬೇರೆ, ಹೊರಗಿನ ಬಿಸಿಯನ್ನು ಗಂಟೆಗಟ್ಟಲೆ ತಡೆಯುವ ಐಸ್ ಬೇರೆ. ನಮ್ಮ ಹವೆಯಲ್ಲಿ ಕಿಲೋ ಮೀನಿಗೆ ಕಿಲೋ ಐಸ್ ಎಂಬ ಹಳೆಯ ನಿಯಮಕ್ಕೆ ಕಾರಣ ಇದು. ನಾಲ್ಕನೇ ದಿನದಿಂದ 12ಕ್ಕೆ 12.

ಅಷ್ಟನ್ನು ಹಿಡಿಸಲು 50 ಲೀಟರಿನ ದಪ್ಪ ಗೋಡೆಯ ಐಸ್ ಬಾಕ್ಸ್ ಬೇಕಾಯಿತು, 3,800 ರೂಪಾಯಿ. ಥರ್ಮಾಕೋಲ್ ಡಬ್ಬ ಅಗ್ಗ, ಆದರೆ ಎರಡು ತಿಂಗಳಿಗೆ ಒಡೆಯುತ್ತದೆ, ಬಿರುಕಿನಲ್ಲಿ ಲೋಳೆ ಕೂತು ತೊಳೆಯಲಾಗುವುದಿಲ್ಲ. ತುಂಬುವ ಕ್ರಮ: ತಳಕ್ಕೆ ನಾಲ್ಕು ಬೆರಳು ಐಸ್, ಒಂದೇ ಪದರ ಮೀನು ಹೊಟ್ಟೆ ಕೆಳಗಾಗಿ, ಮೇಲೆ ಐಸ್, ಮತ್ತೆ ಮೀನು, ಕೊನೆಗೆ ದಪ್ಪ ಐಸ್. ಐಸ್ ಗಡ್ಡೆಯಾಗಿದ್ದರೆ ಚೂಪು ಮೂಲೆಗಳು ಹೊಟ್ಟೆ ಹರಿಯುತ್ತವೆ, ಮೀನಿಗೆ ಸರಿಯಾಗಿ ತಾಗುವುದೂ ಇಲ್ಲ. ಯಂತ್ರದಲ್ಲಿ ಪುಡಿ ಮಾಡಿಸಿಯೇ ತರಬೇಕು.

ಎರಡನೇ ವಾರ ಇನ್ನೊಂದು ತಪ್ಪು. ಆಟೋದಲ್ಲಿ ನೀರು ಸೋರುತ್ತದೆಂದು ಚಾಲಕ ಬೈದದ್ದಕ್ಕೆ ಬಾಕ್ಸಿನ ಕೆಳಗಿನ ಬಿರಡೆ ಮುಚ್ಚಿದರು. ಕರಗಿದ ನೀರಿನಲ್ಲಿ ತಳದ ಪದರ ಎರಡು ಗಂಟೆ ನೆನೆದು ಬಣ್ಣ ಮಾಸಿ, ಹೊಟ್ಟೆ ಮೆತ್ತಗಾಯಿತು. ತವಾದಲ್ಲಿ ಅಂಥ ಮೀನು ಮಗುಚುವಾಗ ಮುರಿಯುತ್ತದೆ. ಈಗ ಬಿರಡೆ ತೆರೆದೇ ಇರುತ್ತದೆ, ಅದಕ್ಕೊಂದು ಪೈಪು, ಪೈಪಿನ ತುದಿಗೆ ಒಂದು ಕ್ಯಾನ್.

ನಿಜವಾದ ವಿರೋಧ ಬಂದದ್ದು ಕೊಯ್ಯುವ ಕಲ್ಲಿನಿಂದ. "ಕೈ ಮರಗಟ್ತದೆ ಧಣಿ, ನೀವೇ ಒಂದು ಕಿಲೋ ಕೊಯ್ದು ನೋಡಿ" ಎಂದರು ಅಕ್ಕ. ಸರಿಯಾದ ಮಾತೇ. ಸೊನ್ನೆ ಡಿಗ್ರಿಯ ಮೀನನ್ನು ಬರಿಗೈಯಲ್ಲಿ ಒಂದು ಗಂಟೆ ಹಿಡಿಯಲಾಗದು, ಮರಗಟ್ಟಿದ ಬೆರಳಿಗೆ ಕತ್ತಿ ತಾಗಿದರೂ ಗೊತ್ತಾಗುವುದಿಲ್ಲ. ಒಳಗೆ ಬಟ್ಟೆಯ, ಹೊರಗೆ ರಬ್ಬರಿನ ಗವಸು ಕೊಟ್ಟರು. ಒಮ್ಮೆಗೆ ಮೂರು ಕಿಲೋ ಮಾತ್ರ ಹೊರಗೆ ತೆಗೆಯುವುದು, ಅದು ಮುಗಿದು ಐಸಿಗೆ ಹೋದ ಮೇಲೆ ಇನ್ನು ಮೂರು. ತೊಳೆಯುವ ನೀರು ಪ್ರತಿ ಸಲ ಬದಲು. ಕೆಲಸ ಮುಕ್ಕಾಲು ಗಂಟೆ ಹೆಚ್ಚಾಯಿತು. ಕಿಲೋಗೆ 20 ರೂಪಾಯಿ ಇದ್ದ ಕೂಲಿಯನ್ನು 25 ಮಾಡಿದ ಮೇಲೆ ತಕರಾರು ನಿಂತಿತು. ಕೂಲಿ ಏರಿಸದೆ ಬರೀ ನಿಯಮ ಹೇರಿದ್ದರೆ ಇದು ಹದಿನೈದು ದಿನವೂ ನಡೆಯುತ್ತಿರಲಿಲ್ಲ.

ತವಾದ ಪಕ್ಕದಲ್ಲಿ

ಮಸಾಲೆ ಹಚ್ಚಿದ ಟ್ರೇಯನ್ನು ನೇರ ಐಸಿನ ಮೇಲೆ ಇಟ್ಟು ನೋಡಿದರು. ಅಂಚಿನಿಂದ ನೀರು ಒಳಗೆ ಬಂದು ಮಸಾಲೆ ತೊಳೆದುಹೋಯಿತು. ಕೊನೆಗೆ ಉಳಿದದ್ದು ಮುಚ್ಚಳದ ಸ್ಟೀಲ್ ಡಬ್ಬಿ, ಒಂದೊಂದರಲ್ಲಿ 15 ಮೀನು, ಐದು ಡಬ್ಬಿ ಸೇರಿ 2,400 ರೂಪಾಯಿ. ಡಬ್ಬಿಗಳು ಐಸಿನಲ್ಲಿ ಕುತ್ತಿಗೆವರೆಗೆ ಹೂತಿರುತ್ತವೆ. ಆಳವಾದ ದೊಡ್ಡ ಪಾತ್ರೆ ಬೇಡ. ಹತ್ತು ಕಿಲೋ ಮೀನು ಒಂದೇ ಪಾತ್ರೆಯಲ್ಲಿದ್ದರೆ ನಡುವಿನದು ತಣ್ಣಗಾಗಲು ಗಂಟೆಗಳೇ ಬೇಕು, ಫ್ರಿಜ್ಜಿನಲ್ಲಿಟ್ಟರೂ ಅಷ್ಟೇ. ತವಾದ ಪಕ್ಕಕ್ಕೆ ಒಮ್ಮೆಗೆ ಒಂದೇ ಡಬ್ಬಿ, ಅರ್ಧ ಗಂಟೆಯಲ್ಲಿ ಖಾಲಿಯಾಗದಿದ್ದರೆ ಮರಳಿ ಐಸಿಗೆ.

ಇದರ ಅಡ್ಡಪರಿಣಾಮವನ್ನು ಯಾರೂ ಮೊದಲು ಊಹಿಸಿರಲಿಲ್ಲ. ತಣ್ಣಗಿನ ಮೀನು ಆರು ಒಟ್ಟಿಗೆ ಬಿದ್ದರೆ ತವಾ ತಣಿದು, ಮಸಾಲೆ ಕಬ್ಬಿಣಕ್ಕೆ ಅಂಟಿಕೊಂಡು, ಮಗುಚುವಾಗ ಚರ್ಮ ಸಮೇತ ಕಿತ್ತು ಬರುತ್ತದೆ. ನಾಲ್ಕು ನಿಮಿಷದ ಫ್ರೈ ಏಳು ನಿಮಿಷ ತೆಗೆದುಕೊಂಡಿತು, ಮೇಜಿನಲ್ಲಿ "ಫ್ರೈ ಎಂತದ್ದು ಇನ್ನೂ ಬರ್ಲಿಲ್ಲ" ಶುರುವಾಯಿತು. ಎರಡು ಬದಲಾವಣೆ ಸಾಕಾಯಿತು: ಅಂಗುಲ ದಪ್ಪದ ಹಳೆಯ ಬೀಡುಕಬ್ಬಿಣದ ಕಾವಲಿ ಮತ್ತೆ ಬಳಕೆಗೆ ಬಂತು, ಆರರ ಬದಲು ನಾಲ್ಕು ಮೀನು. ಮಸಾಲೆಗೆ ನೀರು ಕಡಿಮೆ ಮಾಡಿ ಒಂದು ಚಮಚ ಅಕ್ಕಿಹಿಟ್ಟು ಸೇರಿಸಿದ್ದೂ ಅಂಟುವುದನ್ನು ತಗ್ಗಿಸಿತು. ಈಗ ಐದು ನಿಮಿಷ.

ಉಳಿದ ಬಂಗುಡೆಗೆ ನಿಯಮ ಸರಳ. ಮೂರು ಗಂಟೆಗೆ ಡಬ್ಬಿಯಲ್ಲಿ ಐಸಿನೊಳಗೇ ಉಳಿದದ್ದು ಕೆಲಸದವರ ಊಟಕ್ಕೆ. ಕಾವಲಿಯ ಪಕ್ಕ ಅರ್ಧ ಗಂಟೆ ಮೀರಿದ್ದು ಯಾರಿಗೂ ಇಲ್ಲ. ಮಾರನೆಯ ದಿನಕ್ಕೆ ಯಾವುದೂ ಇಲ್ಲ.

ಹಣದ ಮಾತು

ಶನಿವಾರ ರಾತ್ರಿಯೇ ಮಾಲಕರು ಆರೂ ಮಂದಿಗೆ ಫೋನ್ ಮಾಡಿ, ಊಟದ ಹಣ 1,120 ಮತ್ತು ಕ್ಲಿನಿಕ್ಕಿನ 1,900 ರೂಪಾಯಿ ಮರಳಿಸಿದರು. ಸಪ್ಲೈಯರ್ ಹುಡುಗನ ಮೊದಲ ಉತ್ತರಕ್ಕೆ ಕ್ಷಮೆಯನ್ನೂ ಕೇಳಿದರು. ಹಣಕ್ಕಿಂತ ಆ ಕ್ಷಮೆ ಹೆಚ್ಚು ಕೆಲಸ ಮಾಡಿತು ಎನ್ನಬಹುದು, ಆರರಲ್ಲಿ ನಾಲ್ವರು ಈಗಲೂ ಬರುತ್ತಾರೆ. ಆದರೆ ವಾಟ್ಸಾಪಿನಲ್ಲಿ ಸುದ್ದಿ ಹೋಗಿ ಆಗಿತ್ತು. ದಿನಕ್ಕೆ 75ರ ಆಸುಪಾಸು ಇದ್ದ ಬಂಗುಡೆ ಫ್ರೈ ಎರಡು ವಾರ ನಲವತ್ತಕ್ಕೆ ಇಳಿಯಿತು. ದಿನಕ್ಕೆ 35 ಫ್ರೈ ಕಡಿಮೆ ಎಂದರೆ 2,450 ರೂಪಾಯಿ ವ್ಯಾಪಾರ ಕಡಿಮೆ.

ಹೊಸ ವ್ಯವಸ್ಥೆಯ ಖರ್ಚು ಅದರ ಮುಂದೆ ಏನೂ ಅಲ್ಲ. ದಾರಿಗೆ 12, ಅಡುಗೆಮನೆಗೆ 4, ಒಟ್ಟು 16 ಕಿಲೋ ಐಸ್. ಮೊದಲೇ ತರುತ್ತಿದ್ದ ಎರಡು ಕಳೆದರೆ ಹೆಚ್ಚಿಗೆ 14 ಕಿಲೋ. ಅವರಿಗೆ ಬಿದ್ದ ದರ ಕಿಲೋಗೆ 4 ರೂಪಾಯಿ, ಅಂದರೆ ದಿನಕ್ಕೆ 56. ಕೊಯ್ಯುವ ಕೂಲಿ ಹೆಚ್ಚಳ 60. ಬಾಕ್ಸ್, ಡಬ್ಬಿ, ಥರ್ಮಾಮೀಟರ್ ಸೇರಿ 6,850 ರೂಪಾಯಿಯನ್ನು 300 ದಿನಕ್ಕೆ ಹಂಚಿದರೆ 23. ಒಟ್ಟು ದಿನಕ್ಕೆ 139 ರೂಪಾಯಿ, 90 ಮೀನಿಗೆ ಹಂಚಿದರೆ ಒಂದಕ್ಕೆ ಒಂದೂವರೆ ರೂಪಾಯಿ. 70 ರೂಪಾಯಿಯ ತಟ್ಟೆಯಲ್ಲಿ ಇದು ಈರುಳ್ಳಿ, ನಿಂಬೆ ಹೋಳಿನ ಬೆಲೆ.

ಜೂನ್ ಬಂದಾಗ

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ನಾಡದೋಣಿಯವರ ಮೀನು ಹೋಟೆಲಿನ ಲೆಕ್ಕಕ್ಕೆ ಸಾಲದು. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ ಇರುವುದರಿಂದ, ಜೂನ್ ನಡುವಿನಿಂದ ಆಚೆಯ ಮೀನು ಲಾರಿಯಲ್ಲಿ ಐಸ್ ಹಾಕಿಕೊಂಡು ಬರಬಹುದು. ಅದಕ್ಕೂ ಮುಂಚಿನ ಹದಿನೈದು ದಿನ ಈ ಹೋಟೆಲಿಗೆ ಗತಿ ಫ್ರೋಜನ್ ಬಂಗುಡೆಯ ಗಟ್ಟಿ.

ಅಲ್ಲಿ ಮತ್ತೆ ಎಡವುವುದರಲ್ಲಿದ್ದರು. ಹತ್ತು ಕಿಲೋ ಗಟ್ಟಿಯನ್ನು ರಾತ್ರಿ ಹತ್ತಕ್ಕೆ ಟಬ್ಬಿನ ನೀರಿಗೆ ಹಾಕಿ ಮಲಗಿದರು. ಬೆಳಿಗ್ಗೆ ಐದಕ್ಕೆ ನೋಡಿದರೆ ಹೊರಗಿನ ಮೀನು 24 ಡಿಗ್ರಿ, ನಡುವಿನದು ಇನ್ನೂ ಕಲ್ಲು. ಹೊರಗಿನವು ಎಷ್ಟು ಹೊತ್ತು ಹಾಗಿದ್ದವೋ ಹೇಳುವವರಿಲ್ಲ. ಫ್ರೀಜರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯದಿದ್ದರೂ, ಮೊದಲೇ ಹುಟ್ಟಿದ ಕಿಣ್ವ ಮೀನು ಕರಗಿದ ಕೂಡಲೇ ಮತ್ತೆ ಕೆಲಸಕ್ಕೆ ಇಳಿಯುತ್ತದೆ. ಆ ಗಟ್ಟಿಯನ್ನು ಪೂರ್ತಿ ಎಸೆದರು, 2,000 ರೂಪಾಯಿ ನಷ್ಟ. ಥರ್ಮಾಮೀಟರ್ ಇಲ್ಲದಿದ್ದರೆ ಅಂದು ಅದು ತವಾಕ್ಕೆ ಹೋಗುತ್ತಿತ್ತು.

ಈಗ ಗಟ್ಟಿಯನ್ನು ಹಿಂದಿನ ದಿನ ಮಧ್ಯಾಹ್ನವೇ ಖಾಲಿ ಐಸ್ ಬಾಕ್ಸಿಗೆ, ತಳದಲ್ಲಿ ಜಾಲರಿ ಇಟ್ಟು, ಬಿರಡೆ ತೆರೆದು ಹಾಕುತ್ತಾರೆ. ಗಟ್ಟಿಯೇ ತನಗೆ ತಾನೇ ಐಸ್. ಬೆಳಿಗ್ಗೆ ಆರಕ್ಕೆ ಮೀನುಗಳು ಒಂದೊಂದಾಗಿ ಬಿಡಿಸಲು ಬರುತ್ತವೆ, 2 ಡಿಗ್ರಿಯಲ್ಲಿ. ಬಿಡಿಸಲು ಬಾರದ ನಡುವಿನ ನಾಲ್ಕೈದನ್ನು ಕವರಿನಲ್ಲಿ ಕಟ್ಟಿ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟರೆ ಸಾಕು.

ಬಗೆಹರಿಯದೆ ಉಳಿದದ್ದು ಭಾನುವಾರ. ಅಂದು 24 ಕಿಲೋ ಬಂಗುಡೆಗೆ ಗಿರಾಕಿ ಇದ್ದಾರೆ, ಐಸ್ ಬಾಕ್ಸ್ ಒಂದೇ. ಎರಡನೆಯದು ತಂದರೆ ಅಡುಗೆಮನೆಯಲ್ಲಿ ಇಡಲು ಜಾಗವಿಲ್ಲ. ಸದ್ಯಕ್ಕೆ ಐಸ್ ತುಸು ಕಡಿಮೆ ಮಾಡಿ ಬಾಕ್ಸಿಗೆ ಹಿಡಿಸುವ 15 ಕಿಲೋದಲ್ಲೇ ನಿಲ್ಲಿಸಿ, ಎಂಟು ಗಂಟೆಗೆ ಬಂದರಿನ ಕಡೆಯಿಂದ ಇನ್ನೊಂದು ಚೀಲ ಐಸ್ ತರಿಸುತ್ತಾರೆ. ಒಂದೂವರೆಗೆ ಬೋರ್ಡಿನಲ್ಲಿ 'ಬಂಗುಡೆ ಮುಗಿದಿದೆ' ಎಂದು ಬರೆಯುತ್ತಾರೆ. ತಡವಾಗಿ ಬಂದವರು ಗೊಣಗುತ್ತಾ ನಂಗ್ ಮೀನಿನ ಫ್ರೈ ಹೇಳುತ್ತಾರೆ.